ಬಾಲ ಕತ್ತರಿಸಿದ ಮೇಷ್ಟ್ರು: ವುನಿಬಾಲ್ಡ್ ಕಮ್

ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿದ ಕೂಡಲೇ ನಾವು ನಾಲ್ಕು ಜನ ಬ್ಯಾಗ್ ಹೆಗಲಿಗೇರಿಸಿ ದುರ್ಗದ ಬಸ್ ಸ್ಟ್ಯಾಂಡಿಗೆ ಓಡ್ತೀವಿ. ಒಬ್ಬ ಹಿರಿಯೂರಿನವನು, ಒಬ್ಬಳು ಹೊಸದುರ್ಗದವಳು, ಇನ್ನೊಬ್ಬ ಹೊಳಲ್ಕೆರೆಯವನು. ನಾಲ್ಕನೆಯವನಿಗೆ ಚಿತ್ರದುರ್ಗವೇ ಊರು. ಅವನು ಬರೋದು ಮಂಡಕ್ಕಿ ಮೆಣಸಿನಕಾಯಿಗೆ.

ಹೀಗೆ ಒಂದು ಶನಿವಾರ ಕಾಯ್ತಾ ನಿಂತಾಗ ಹೊಳಲ್ಕೆರೆಯವನು ಒಂದು ಪ್ರಶ್ನೆ ತೆಗೆದ. ಆಗ ತಾನೇ ಬಂದು ನಿಂತ ಬಸ್ಸಿನ ಹಿಂದಿನ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಪಕ್ಕದ ಕಿಟಕಿಗಳ ಮೇಲೆ ಅಷ್ಟಿಲ್ಲ. ಬಸ್ಸು ಮುಂದಕ್ಕೆ ಓಡುತ್ತೆ, ಎದ್ದ ಧೂಳು ರಸ್ತೆಯಲ್ಲೇ ಹಿಂದೆ ಉಳೀಬೇಕು. ಅದು ಬಸ್ಸನ್ನ ಅಟ್ಟಿಸಿಕೊಂಡು ಬಂದು ಗಾಜಿಗೆ ಅಂಟಿಕೊಳ್ಳೋದು ಹೇಗೆ?

ಫ್ಲೂಯಿಡ್ ಮೆಕ್ಯಾನಿಕ್ಸ್ ಓದ್ತಾ ಇರುವ ನಮಗೆ ಉತ್ತರ ಗೊತ್ತಿರಬೇಕಿತ್ತು. ಪರೀಕ್ಷೆಗೆ ಬೇಕಾದಷ್ಟು ಗೊತ್ತಿತ್ತು, ಬಸ್ಸಿಗೆ ಬೇಕಾದಷ್ಟು ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನ ಹಿಡ್ಕೊಂಡು ಹುಡುಕ್ತಾ ಹೋದಾಗ ಸಿಕ್ಕವರು ಒಬ್ಬ ಜರ್ಮನ್ ಮೇಷ್ಟ್ರು, ವುನಿಬಾಲ್ಡ್ ಕಮ್. ಕಾರಿನ ಹುಚ್ಚಿರುವವರಿಗೆ ಕಮ್ ಟೈಲ್ ಅಥವಾ ಕಮ್‌ಬ್ಯಾಕ್ ಅನ್ನೋ ಪದ ಗೊತ್ತಿರುತ್ತೆ. ಆ ಪದದ ಹಿಂದೆ ಒಬ್ಬ ಮನುಷ್ಯ ಇದ್ದರು ಅನ್ನೋದು ನಮಗಂತೂ ಗೊತ್ತಿರಲಿಲ್ಲ. ಜರ್ಮನ್ ಭಾಷೆಯಲ್ಲಿ ಕಮ್ ಅಂದ್ರೆ ಬಾಚಣಿಗೆಯಂತೆ. ನಮಗೆ ಮಾತ್ರ ಕೇಳಿದ ಕೂಡಲೇ ನೆನಪಾದದ್ದು ಕಮ್ಮಿ. ಡ್ರ್ಯಾಗ್ ಕಮ್ಮಿ ಮಾಡಿದವರ ಹೆಸರೇ ಕಮ್! ಇನ್ನು ಮರೆಯೋ ಮಾತೇ ಇಲ್ಲ.

(ಮೊದಲೇ ಹೇಳಿಬಿಡ್ತೀವಿ, ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಡ್ರ್ಯಾಗ್‌ಗೆ ಗಾಳಿಯ ಎಳೆತ ಅನ್ನಬೇಕೋ ಗಾಳಿಯ ತಡೆ ಅನ್ನಬೇಕೋ ಅಂತ ಹಾಸ್ಟೆಲ್‌ನಲ್ಲಿ ಅರ್ಧ ರಾತ್ರಿ ಜಗಳ ಆಡಿ, ಕೊನೆಗೆ ಡ್ರ್ಯಾಗ್ ಅಂತಲೇ ಬಿಟ್ಟಿದ್ದೀವಿ. ಕನ್ನಡ ಮೇಷ್ಟ್ರು ಕ್ಷಮಿಸಬೇಕು.)

ಕಮ್ ಹುಟ್ಟಿದ್ದು 1893ರ ಏಪ್ರಿಲ್ 26ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಆ ಊರಿನಲ್ಲಿ ಆ ಕಾಲಕ್ಕೆ ಮೆಕ್ಯಾನಿಕಲ್ ಓದಿದವರಿಗೆ ಕಾರಿನ ವಾಸನೆ ತಾಗದೇ ಇರೋಕೆ ಸಾಧ್ಯವಿರಲಿಲ್ಲ. ಓದು ಮುಗಿಸಿ, 1920ರ ದಶಕದ ಆರಂಭದಲ್ಲಿ ಅವರು ಡೈಮ್ಲರ್ ಕಂಪನಿ ಸೇರಿದರು. ಮರ್ಸಿಡಿಸ್ ರೇಸ್ ಕಾರುಗಳ ಎಂಜಿನ್ ಕೆಲಸ. ಗಾಳಿಯ ವಿಷಯಕ್ಕೆ ಹೆಸರಾದವರು ಶುರು ಮಾಡಿದ್ದು ಪಿಸ್ಟನ್ನು ವಾಲ್ವುಗಳಿಂದ ಅನ್ನೋದು ನಮಗೆ ಇಷ್ಟವಾಯ್ತು. ಏಕೆಂದರೆ ಮುಂದೆಯೂ ಅವರು ಕಾರನ್ನ ಬರೀ ಒಂದು ಆಕಾರ ಅಂತ ನೋಡಲೇ ಇಲ್ಲ. ಅದರೊಳಗೆ ಎಂಜಿನ್ ಇದೆ, ಸೀಟಿದೆ, ಸೀಟಲ್ಲಿ ಜನ ಕೂರ್ತಾರೆ, ಹಿಂದೆ ಸಾಮಾನು ಇಡ್ತಾರೆ ಅನ್ನೋದು ಅವರ ತಲೆಯಿಂದ ಹೋಗಲಿಲ್ಲ.

ಡೈಮ್ಲರ್ ಬಿಟ್ಟ ಮೇಲೆ, 1925ರ ಸುಮಾರಿಗೆ, ಎಸ್‌ಎಚ್‌ಡಬ್ಲ್ಯು ಅನ್ನೋ ಕಬ್ಬಿಣದ ಕಾರ್ಖಾನೆಗೆ ಅವರು ಒಂದು ಪುಟ್ಟ ಕಾರು ವಿನ್ಯಾಸ ಮಾಡಿಕೊಟ್ಟರು. ಅದರ ಪಟ್ಟಿ ನೋಡಿ ನಮಗೆ ನಂಬೋಕಾಗಲಿಲ್ಲ: ಬೇರೆ ಚಾಸಿಸ್ ಇಲ್ಲದೆ ಬಾಡಿಯೇ ಭಾರ ಹೊರುವ ಅಲ್ಯೂಮಿನಿಯಂ ಮೈ, ಮುಂದಿನ ಚಕ್ರಕ್ಕೆ ಡ್ರೈವ್, ಎರಡು ಸಿಲಿಂಡರಿನ ಬಾಕ್ಸರ್ ಎಂಜಿನ್. ಇವತ್ತು ರಸ್ತೆಯಲ್ಲಿರುವ ಬಹುಪಾಲು ಸಣ್ಣ ಕಾರುಗಳಲ್ಲಿ ಈ ಪಟ್ಟಿಯ ಮೊದಲೆರಡು ಗುಣ ಇವೆ, ಅಲ್ಯೂಮಿನಿಯಂ ಒಂದು ಬಿಟ್ಟು. ಆಗ ಮೂರೇ ಮಾದರಿ ಕಾರು ತಯಾರಾದವು. ಮಾರುಕಟ್ಟೆಗೆ ಬರಲೇ ಇಲ್ಲ. ಸೆಮಿಸ್ಟರ್ ಪೂರ್ತಿ ಕಷ್ಟಪಟ್ಟ ಪ್ರಾಜೆಕ್ಟ್ ಅಟ್ಟದ ಮೇಲೆ ಕೂತರೆ ಹೇಗಿರುತ್ತೆ ಅಂತ ನಮಗೆ ಸ್ವಲ್ಪ ಗೊತ್ತು. ಅವರದ್ದು ಅದರ ನೂರು ಪಟ್ಟು.

1930ರಲ್ಲಿ ಅವರು ತಾವು ಓದಿದ ಸ್ಟುಟ್‌ಗಾರ್ಟ್ ಕಾಲೇಜಿಗೇ ಮೋಟಾರು ವಾಹನಗಳ ಪ್ರೊಫೆಸರ್ ಆಗಿ ವಾಪಸ್ ಬಂದರು. ಅದೇ ವರ್ಷ ಎಫ್‌ಕೆಎಫ್‌ಎಸ್ ಅನ್ನೋ ಸಂಶೋಧನಾ ಸಂಸ್ಥೆ ಶುರುವಾಯ್ತು, ಅದಕ್ಕೆ ಅವರೇ ಮುಖ್ಯಸ್ಥರು. ಕಾರು ಮತ್ತು ಎಂಜಿನ್‌ಗಳನ್ನ ಕೂಲಂಕಷವಾಗಿ ಅಳೆದು ನೋಡೋದಕ್ಕೇ ಇದ್ದ ಸಂಸ್ಥೆ. ಇವತ್ತಿಗೂ ಅದು ಇದೆ, ಇವತ್ತಿಗೂ ಅಲ್ಲಿ ಕಾರುಗಳಿಗೆ ಗಾಳಿ ಹೊಡೆಸಿ ಅಳೀತಾರೆ.

ಗಾಳಿ ಯಾಕೆ ಅಷ್ಟು ಮುಖ್ಯವಾಯ್ತು? ರಸ್ತೆಯಿಂದ. 1935ರಲ್ಲಿ ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ನಡುವೆ ಹೊಸ ಹೆದ್ದಾರಿಯ ಮೊದಲ ತುಂಡು ತೆರೆಯಿತು. ಅಂಕುಡೊಂಕು ಊರ ರಸ್ತೆಯಲ್ಲಿ 50ರಲ್ಲಿ ಹೋಗುತ್ತಿದ್ದ ಕಾರು ಈಗ ಗಂಟೆಗಟ್ಟಲೆ 100ರಲ್ಲಿ ಹೋಗಬಹುದು. ನಮ್ಮ ಹಿರಿಯೂರು, ಚಿತ್ರದುರ್ಗದ ಮೇಲೆ ಹಾದು ಹೋಗುವ ಬೆಂಗಳೂರು-ಪುಣೆ ರಸ್ತೆ ನಾಲ್ಕು ಲೇನ್ ಆದ ಮೇಲೆ ಆದದ್ದೂ ಇದೇ ತಾನೆ. ಹಳೇ ಎನ್‌ಎಚ್ 4ರಲ್ಲಿ ಎತ್ತಿನ ಗಾಡಿ ಹಿಂದೆ ಹೋಗ್ತಿದ್ದ ಲಾರಿಗೆ ಡ್ರ್ಯಾಗ್ ಒಂದು ಚಿಂತೆ ಆಗಿರಲಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ. ಡ್ರ್ಯಾಗ್ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನ ಗೆಲ್ಲೋಕೆ ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ. ಈಗಿನ ಒಂದು ಸಾಮಾನ್ಯ ಕಾರು ತಗೊಳ್ಳಿ: ಡ್ರ್ಯಾಗ್ ಗುಣಾಂಕ 0.30, ಎದುರಿನಿಂದ ಕಾಣುವ ಕ್ಷೇತ್ರಫಲ 2.2 ಚದರ ಮೀಟರ್. ದುರ್ಗ 700 ಮೀಟರಿಗೂ ಎತ್ತರದಲ್ಲಿದೆ, ಹಾಗಾಗಿ ಗಾಳಿಯ ಸಾಂದ್ರತೆ 1.1 ಅಂತ ಇಟ್ಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸುಮಾರು 280 ನ್ಯೂಟನ್ ಬಲ, ಅಂದರೆ 7.8 ಕಿಲೋವ್ಯಾಟ್ ಬರೀ ಗಾಳಿಯನ್ನ ಸರಿಸೋಕೆ ಹೋಗುತ್ತೆ. 50ರಲ್ಲಿ ಹೋದರೆ ಒಂದು ಕಿಲೋವ್ಯಾಟೂ ಬೇಕಾಗಲ್ಲ. 1930ರ ದಶಕದ ಡಬ್ಬದಂಥ ಕಾರುಗಳ ಗುಣಾಂಕ 0.5ಕ್ಕೂ ಮೇಲಿತ್ತು. ಆಗಿನ ಪುಟ್ಟ ಎಂಜಿನ್‌ಗಳ ದುಡಿಮೆಯಲ್ಲಿ ಎಷ್ಟು ಪಾಲು ಗಾಳಿಪಾಲು ಆಗ್ತಿತ್ತು ಅಂತ ನೀವೇ ಊಹಿಸಿ.

ಇದಕ್ಕೆ ಪರಿಹಾರ ಏನು ಅಂತ ಆಗಲೇ ಗೊತ್ತಿತ್ತು. ಜೆಪೆಲಿನ್ ಆಕಾಶಹಡಗುಗಳ ಕಂಪನಿಯಲ್ಲಿ ಕೆಲಸ ಮಾಡಿದ್ದ ಪೌಲ್ ಯಾರೈ ಅನ್ನುವವರು ಕಾರಿಗೂ ನೀರ ಹನಿಯ ಆಕಾರ ಕೊಡಬೇಕು ಅಂತ 1920ರ ದಶಕದಲ್ಲೇ ಹೇಳಿ ಪೇಟೆಂಟ್ ತಗೊಂಡಿದ್ದರು. ಮುಂದೆ ದುಂಡಗೆ, ಹಿಂದೆ ನಿಧಾನವಾಗಿ ಸಣ್ಣಗಾಗುತ್ತಾ ಹೋಗಿ ಚೂಪಾಗಿ ಮುಗಿಯುವ ಮೈ. 1934ರಲ್ಲಿ ಚೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿ ಅದೇ ದಾರಿಯಲ್ಲಿ ಟಾಟ್ರಾ 77 ಅನ್ನೋ ಕಾರು ಮಾಡಿತು. ನೋಡೋಕೆ ಮೀನಿನ ಹಾಗಿದೆ.

ತೊಂದರೆ ಇದ್ದದ್ದು ಬಾಲದಲ್ಲಿ.

ಗಾಳಿ ಕಾರಿನ ಅತಿ ಅಗಲದ ಜಾಗ ದಾಟೋವರೆಗೂ ಸುಖವಾಗಿ ಓಡುತ್ತೆ. ಅಲ್ಲಿಂದ ಹಿಂದಕ್ಕೆ ಮೈ ಸಣ್ಣಗಾಗ್ತಾ ಹೋದಂತೆ ಗಾಳಿಯ ವೇಗ ಇಳಿದು ಒತ್ತಡ ಏರುತ್ತೆ. ಅಂದರೆ ಗಾಳಿ ಈಗ ದಿಬ್ಬ ಹತ್ತಬೇಕು. ನಮ್ಮ ಕೋಟೆ ಹತ್ತಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮೆಟ್ಟಿಲ ತನಕ ಓಡಿ ಬಂದವರು ಅದೇ ರಭಸದಲ್ಲಿ ನಾಲ್ಕು ಮೆಟ್ಟಿಲು ಏರ್ತಾರೆ. ದಾರಿಯಲ್ಲೇ ಕಾಲೆಳೆದುಕೊಂಡು ಸುಸ್ತಾಗಿ ಬಂದವರು ಮೊದಲ ಮೆಟ್ಟಿಲಲ್ಲೇ ಕೂರ್ತಾರೆ. ಕಾರಿನ ಮೈಗೆ ಅಂಟಿಕೊಂಡೇ ಬರುವ ತೆಳು ಪದರ, ಅಂದರೆ ಬೌಂಡರಿ ಲೇಯರ್, ಈ ಸುಸ್ತಾದ ಗುಂಪು. ದಿಬ್ಬ ಕಡಿದಾಗಿದ್ದರೆ ಅದು ನಿಂತು, ಹಿಂದಕ್ಕೇ ತಿರುಗಿ, ಮೈ ಬಿಟ್ಟುಬಿಡುತ್ತೆ. ಅದೇ ಸೆಪರೇಷನ್. ಬಿಟ್ಟ ಜಾಗದಲ್ಲಿ ಸುಳಿ ಏಳುತ್ತೆ, ಒತ್ತಡ ಬಿದ್ದುಹೋಗುತ್ತೆ. ಮುಂದೆ ಹೆಚ್ಚು ಒತ್ತಡ, ಹಿಂದೆ ಕಮ್ಮಿ ಒತ್ತಡ. ಕಾರನ್ನ ಯಾರೋ ಹಿಂದಿನಿಂದ ಜಗ್ಗಿದ ಹಾಗೆ. ನಮ್ಮ ಬಸ್ಸಿನ ಹಿಂದಿನ ಗಾಜಿಗೆ ಧೂಳು ತಂದು ಮೆತ್ತುವುದೂ ಈ ಸುಳಿಯೇ: ಚಕ್ರದಿಂದ ಎದ್ದ ಧೂಳು ಅದರೊಳಗೆ ಸಿಕ್ಕಿ ತಿರುಗಿ ವಾಪಸ್ ಬರುತ್ತೆ. ಹಿಂಭಾಗ ನೇರಕ್ಕೆ ಮುಗಿಯುವ ಕಾರುಗಳಿಗೆ ಹಿಂದಿನ ಗಾಜಿಗೊಂದು ವೈಪರ್ ಯಾಕೆ ಇರುತ್ತೆ, ಡಿಕ್ಕಿ ಉದ್ದ ಚಾಚಿದ ಕಾರುಗಳಿಗೆ ಸಾಮಾನ್ಯವಾಗಿ ಯಾಕೆ ಇರಲ್ಲ ಅಂತ ಈಗ ಹೊಳೆದಿರಬಹುದು.

ಸೆಪರೇಷನ್ ಆಗಬಾರದು ಅಂದರೆ ಮೈ ತುಂಬ ನಿಧಾನವಾಗಿ, ಹತ್ತು ಹದಿನೈದು ಡಿಗ್ರಿ ಒಳಗೆ ಇಳೀಬೇಕು. ಹಾಗೆ ಇಳಿಸಿ ಚೂಪು ಮಾಡೋಕೆ ಹೊರಟರೆ ಕಾರಿನ ಬಾಲ ಮೀಟರುಗಟ್ಟಲೆ ಬೆಳೆಯುತ್ತೆ. ಒಳಗೆ ಜನ ಕೂರೋಕಾಗಲ್ಲ, ಪಾರ್ಕ್ ಮಾಡೋಕಾಗಲ್ಲ. ಉದ್ದ ಬಾಲ ಕೊಡಲಾಗದೆ ಅದನ್ನ ಗಡಿಬಿಡಿಯಲ್ಲಿ ಕೆಳಗೆ ಬಾಗಿಸಿದರೆ ಗಾಳಿ ಮಧ್ಯದಲ್ಲೇ ಕೈಕೊಡುತ್ತೆ. ಇಲ್ಲಿ ಬರೋದು ಆ ಸರಳ ಯೋಚನೆ. ಇಳಿಜಾರನ್ನ ಸರಿಯಾದ ಕೋನದಲ್ಲೇ ಶುರು ಮಾಡು, ಆದರೆ ಪೂರ್ತಿ ಮಾಡಬೇಡ. ಕಾರಿನ ಅಡ್ಡಕೊಯ್ತ ಅತಿ ದಪ್ಪ ಜಾಗದ ಅರ್ಧದಷ್ಟಕ್ಕೆ ಇಳಿದ ಕಡೆ ನೇರವಾಗಿ ಕತ್ತರಿಸಿ ಬಿಡು. ಗಾಳಿ ಅಲ್ಲಿ ಮೈ ಬಿಡುತ್ತೆ, ಸುಳಿಯೂ ಏಳುತ್ತೆ, ಆದರೆ ಆ ಸುಳಿಯ ಗಾತ್ರ ಸಣ್ಣದು, ಅದು ಜಗ್ಗುವ ಜಾಗವೂ ಸಣ್ಣದು. ಪೂರ್ತಿ ಬಾಲ ಕೊಡುವ ಲಾಭದ ಬಹುಪಾಲು ಈ ಮೊಂಡು ಬಾಲದಲ್ಲೇ ಸಿಕ್ಕಿಬಿಡುತ್ತೆ. ಕತ್ತರಿಸುವ ಅಂಚು ಮಾತ್ರ ಚೂಪಾಗಿರಬೇಕು, ದುಂಡಗಿದ್ದರೆ ಗಾಳಿ ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ಅಂಚಿನ ಸುತ್ತ ಒದ್ದಾಡುತ್ತೆ. ಈಗಿನ ಕಾರುಗಳ ಹಿಂದಿನ ದೀಪದ ಹತ್ತಿರ ಒಂದು ಚೂಪು ಗೆರೆ ಇರುತ್ತಲ್ಲ, ಅದು ಚಂದಕ್ಕೆ ಅಂತಲೇ ನಾವು ಅಂದುಕೊಂಡಿದ್ದೆವು.

ಈಗ ಸ್ವಲ್ಪ ಕಹಿ ವಿಷಯ. ಈ ಯೋಚನೆ ಮೊದಲು ಬಂದದ್ದು ಕಮ್ ಅವರಿಗಲ್ಲ.

1930ರ ದಶಕದ ಮಧ್ಯದಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ರೈನ್‌ಹಾರ್ಡ್ ಫಾನ್ ಕ್ಯೋನಿಗ್-ಫಾಕ್ಸೆನ್‌ಫೆಲ್ಡ್ ಅನ್ನುವ ಎಂಜಿನಿಯರ್ ಒಂದು ಬಸ್ಸಿನ ಆಕಾರದ ಮೇಲೆ ತಲೆ ಕೆಡಿಸಿಕೊಂಡಿದ್ದರು. ಹೌದು, ಬಸ್ಸು! ಬಸ್ಸಿಗೆ ಉದ್ದ ಚೂಪು ಬಾಲ ಹಚ್ಚೋದು ಹೇಗೆ ಹೇಳಿ? ಹಿಂದಿನ ಸೀಟಿನವರು ಎಲ್ಲಿ ಹೋಗಬೇಕು? ಚಾವಣಿಯನ್ನ ನಯವಾಗಿ ಇಳಿಸಿ ಹಿಂದೆ ನೇರ ಗೋಡೆಯಲ್ಲಿ ನಿಲ್ಲಿಸಿದರೆ ಸಾಕು ಅಂತ ಕಂಡುಕೊಂಡವರು ಅವರು. ಪೇಟೆಂಟೂ ಅವರ ಹೆಸರಿನಲ್ಲೇ ಇದೆ. ಕಮ್ ಮಾಡಿದ್ದು ಅದನ್ನ ಲೆಕ್ಕದಲ್ಲಿ ಮತ್ತು ಪ್ರಯೋಗದಲ್ಲಿ ಸಾಬೀತು ಮಾಡಿ, ಓಡುವ ಕಾರುಗಳಾಗಿ ತೋರಿಸಿದ್ದು. ಲೋಕ ಇಟ್ಟುಕೊಂಡದ್ದು ಪ್ರೊಫೆಸರ್ ಹೆಸರು.

ಇದರ ಬಗ್ಗೆ ನಮ್ಮಲ್ಲೇ ಎರಡು ಪಕ್ಷ ಆದವು. ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟದಲ್ಲಿ ಯಾರ ಹೆಸರು ಮೇಲೆ ಬರುತ್ತೆ, ರಾತ್ರಿಯೆಲ್ಲ ಸೋಲ್ಡರಿಂಗ್ ಮಾಡಿದವನ ಹೆಸರು ಎಲ್ಲಿ ಮಾಯವಾಗುತ್ತೆ ಅನ್ನೋದನ್ನ ನೋಡಿರುವ ಹಿರಿಯೂರಿನವನ ಪ್ರಕಾರ ಇದು ಪಕ್ಕಾ ಅನ್ಯಾಯ. ಹೊಸದುರ್ಗದವಳ ವಾದ ಬೇರೆ: ಹೊಳೆಯೋದು ಒಂದು ಕೆಲಸ, ಹೊಳೆದದ್ದು ನಿಜ ಅಂತ ಎಲ್ಲರೂ ಒಪ್ಪುವ ಹಾಗೆ ಮಾಡೋದು ಇನ್ನೊಂದು ಕೆಲಸ, ಎರಡನೆಯದು ಸಣ್ಣದಲ್ಲ. ನಮಗೆ ಇಬ್ಬರೂ ಸರಿ ಅನ್ನಿಸುತ್ತೆ. ಆದರೆ ಎರಡು ಕೆಲಸಕ್ಕೆ ಒಂದೇ ಹೆಸರು ಯಾಕೆ ಅನ್ನೋದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಕಮ್ ಅವರ ಕೆಲಸ ಎಷ್ಟು ದೊಡ್ಡದು ಅಂತ ತಿಳಿಯೋಕೆ ನಾವೇ ಒಂದು ಕೈ ನೋಡಿದೆವು. ನಮ್ಮ ರಾಜ್ಯದ ದೊಡ್ಡ ವಿಂಡ್ ಟನಲ್‌ಗಳಲ್ಲಿ ಒಂದು ಬೆಂಗಳೂರಿನ ಐಐಎಸ್ಸಿಯಲ್ಲಿದೆ, 1959ರಿಂದ ನಡೀತಿದೆ, ಮಾದರಿ ಇಡುವ ಜಾಗವೇ 14 ಅಡಿ ಅಗಲ 9 ಅಡಿ ಎತ್ತರ. ನಮ್ಮ ಹತ್ತಿರ ಇದ್ದದ್ದು ಹಾಸ್ಟೆಲ್ ರೂಮಿನ ಟೇಬಲ್ ಫ್ಯಾನ್. ಥರ್ಮೋಕೋಲ್‌ನಲ್ಲಿ ಮೂರು ಮಾದರಿ ಕೊಯ್ದೆವು: ಒಂದು ಇಟ್ಟಿಗೆ ಥರ, ಒಂದು ಉದ್ದ ಬಾಲದ್ದು, ಒಂದು ಮೊಂಡು ಬಾಲದ್ದು. ಹಿಂದೆ ಡಿಜಿಟಲ್ ತಕ್ಕಡಿಯನ್ನ ನೆಟ್ಟಗೆ ನಿಲ್ಲಿಸಿ ತಳ್ಳುವ ಬಲ ನೋಡೋದು. ಮೊದಲ ದಿನ ಬಂದ ಅಂಕಿಗಳು ಹುಚ್ಚುಹುಚ್ಚು. ಫ್ಯಾನಿನ ಗಾಳಿ ನೇರ ಬರಲ್ಲ, ತಿರುಗಿಕೊಂಡು ಬರುತ್ತೆ ಅಂತ ಹೊಳೆಯೋಕೆ ಎರಡು ದಿನ ಹಿಡೀತು. ಜ್ಯೂಸ್ ಅಂಗಡಿಯಿಂದ ನೂರಾರು ಸ್ಟ್ರಾ ತಂದು ಜೇನುಗೂಡಿನಂತೆ ಜೋಡಿಸಿ ಫ್ಯಾನ್ ಮುಂದೆ ಕಟ್ಟಿದ ಮೇಲೆ ಗಾಳಿ ದಾರಿಗೆ ಬಂತು. ಇಟ್ಟಿಗೆಗೆ ಹೆಚ್ಚು ಬಲ, ಅದು ಸ್ಪಷ್ಟ. ಉದ್ದ ಬಾಲ ಮತ್ತು ಮೊಂಡು ಬಾಲದ ನಡುವಿನ ವ್ಯತ್ಯಾಸ ಮಾತ್ರ ತಕ್ಕಡಿಯ ನಡುಕಕ್ಕಿಂತ ಸಣ್ಣದು. ನಮಗೆ ಸೋಲು, ಕಮ್ ಅವರಿಗೆ ಗೆಲುವು ಅಂದುಕೊಂಡು ಖುಷಿಪಟ್ಟೆವು. ಆಮೇಲೆ ನಮ್ಮ ಮೇಷ್ಟ್ರು ರೆನಾಲ್ಡ್ಸ್ ಸಂಖ್ಯೆ ನೆನಪಿಸಿ ತಣ್ಣೀರು ಎರಚಿದರು: ಇಷ್ಟು ಚಿಕ್ಕ ಮಾದರಿ, ಇಷ್ಟು ನಿಧಾನದ ಗಾಳಿಯಲ್ಲಿ ಬೌಂಡರಿ ಲೇಯರ್ ನಿಜವಾದ ಕಾರಿನ ಹಾಗೆ ನಡೆದುಕೊಳ್ಳಲ್ಲ. ಊದಿನಕಡ್ಡಿಯ ಹೊಗೆ ಮಾತ್ರ ಮೋಸ ಮಾಡಲಿಲ್ಲ. ಮೊಂಡು ಬಾಲದ ಅಂಚಿನಲ್ಲಿ ಹೊಗೆ ಗೆರೆ ಪಟ್ಟನೆ ಮೈ ಬಿಡೋದು ಕಣ್ಣಿಗೇ ಕಂಡಿತು.

ಚಿಕ್ಕ ಮಾದರಿ ಸುಳ್ಳು ಹೇಳಬಹುದು ಅಂತ ಕಮ್ ಅವರಿಗೂ ಗೊತ್ತಿತ್ತು. ಹಾಗಾಗಿಯೇ ಅವರು ಇಡೀ ಕಾರನ್ನೇ ಒಳಗೆ ನಿಲ್ಲಿಸಿ ಅಳೆಯುವಂಥ ವಿಂಡ್ ಟನಲ್‌ಗೆ ಕೈಹಾಕಿದರು. ಸ್ಟುಟ್‌ಗಾರ್ಟ್‌ನ ಉಂಟರ್‌ಟ್ಯುರ್ಕ್‌ಹೈಮ್‌ನಲ್ಲಿ ಎದ್ದ ಆ ಟನಲ್ ಮುಂದೆ ಡೈಮ್ಲರ್-ಬೆಂಜ್ ಕೈಗೆ ಬಂತು. 1938ರಿಂದ ಅವರ ಸಂಸ್ಥೆ ಒಂದರ ಹಿಂದೆ ಒಂದು ಮಾದರಿ ಕಾರು ಕಟ್ಟಿತು. ಇವನ್ನ ಕೆ-ಕಾರುಗಳು ಅಂತಾರೆ. ಬಿಎಂಡಬ್ಲ್ಯು 328ರ ಮೇಲೆ ಕಟ್ಟಿದ ಒಂದು ಮಾದರಿಯ ಗುಣಾಂಕ 0.25ಕ್ಕೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಈಗಿನ ಕಾರಿಗೆ 0.30 ಹಾಕಿದ್ದೆವು, ನೆನಪಿದೆಯಾ? ಎಂಬತ್ತಕ್ಕೂ ಹೆಚ್ಚು ವರ್ಷದ ಹಿಂದೆ 0.25.

ಅದಕ್ಕಿಂತ ಕಮ್ಮಿ ಮಾಡಿದವರೂ ಆಗ ಇದ್ದರು. 1939ರಲ್ಲಿ ಗ್ಯೋಟಿಂಗೆನ್‌ನ ಕಾರ್ಲ್ ಶ್ಲ್ಯೋರ್ ಮಾಡಿದ ಮೊಟ್ಟೆಯಂಥ ಕಾರು 0.2ಕ್ಕಿಂತ ಕೆಳಗಿತ್ತು. ಆದರೆ ಅಡ್ಡಗಾಳಿ ಬೀಸಿದರೆ ಅದು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕಮ್ ಅವರನ್ನ ನಾವು ಮೆಚ್ಚೋದು ಇಲ್ಲಿ. ಅವರು ಡ್ರ್ಯಾಗ್ ಅಳೆದಷ್ಟೇ ಶ್ರದ್ಧೆಯಿಂದ ಕಾರು ನೆಟ್ಟಗೆ ಹೋಗುತ್ತಾ ಅಂತಲೂ ಅಳೆದರು. ಬಾಣದ ಹಿಂದೆ ಗರಿ ಇರುತ್ತಲ್ಲ, ಹಾಗೆ ಕಾರಿನ ಹಿಂಭಾಗದಲ್ಲೂ ಪಕ್ಕದ ಮೈ ಸ್ವಲ್ಪ ಇರಬೇಕು. ಇಲ್ಲದಿದ್ದರೆ ಪಕ್ಕದ ಗಾಳಿಗೆ ಮೂತಿ ತಿರುಗಿಬಿಡುತ್ತೆ. ಸಣ್ಣಗಾಗುತ್ತಾ ಹೋಗುವ ಬಾಲದಲ್ಲಿ ಅದು ಕಳೆದುಹೋಗುತ್ತೆ, ಮೊಂಡು ಬಾಲದಲ್ಲಿ ಉಳಿಯುತ್ತೆ. ದುರ್ಗದ ಸುತ್ತಮುತ್ತ ಬೈಕ್ ಓಡಿಸಿದವರಿಗೆ ಅಡ್ಡಗಾಳಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಸುಮ್ಮನೆ ಇಷ್ಟು ಗಾಳಿಯಂತ್ರಗಳನ್ನ ಇಲ್ಲಿ ತಂದು ನೆಟ್ಟಿಲ್ಲ. ಬಿಡಿ, ಅಂದಹಾಗೆ ದೊಡ್ಡ ಗಾಳಿಯಂತ್ರಗಳ ಕೆಲವು ಬ್ಲೇಡುಗಳಲ್ಲೂ ಬುಡದ ಹತ್ತಿರ ಹಿಂದಿನ ಅಂಚನ್ನ ಮೊಂಡಾಗಿ ಕತ್ತರಿಸಿರುತ್ತಾರೆ. ಅಲ್ಲಿ ಕಾರಣ ಬೇರೆ, ಬಲ ಬೇಕು ಅಂತ. ಹೆದ್ದಾರಿಯಲ್ಲಿ ಆ ಉದ್ದ ಟ್ರೇಲರ್ ಸಿಕ್ಕಾಗ ಬುಡ ಗಮನಿಸಿ.

1940ರ ಏಪ್ರಿಲ್‌ನಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರೇಸಿಗೆ ಬಿಎಂಡಬ್ಲ್ಯು ಐದು ಕಾರು ಕಳಿಸಿತು. ಅದರಲ್ಲಿ ಒಂದು ಕಮ್ ಅವರ ಆಕಾರದ್ದು, ಉದ್ದನೆಯ ಚಾವಣಿ, ಮೊಂಡು ಹಿಂಭಾಗ. ಕಥೆ ಸಿನಿಮಾ ಆಗಿದ್ದರೆ ಅದೇ ಗೆಲ್ಲಬೇಕಿತ್ತು. ಅದು ರೇಸ್ ಮುಗಿಸಲೇ ಇಲ್ಲ. ಗೆದ್ದದ್ದು ಅದೇ ತಂಡದ ಇನ್ನೊಂದು ಕಾರು, ಇಟಲಿಯ ಟೂರಿಂಗ್ ಕಂಪನಿ ಮೈ ಕಟ್ಟಿದ್ದು, ಸರಾಸರಿ ಗಂಟೆಗೆ 166 ಕಿ.ಮೀ. ಕಮ್ ಆಕಾರದ ಆ ಕಾರು ಮುಂದೆ ಕಳೆದೇಹೋಯಿತು. 2010ರಲ್ಲಿ ಬಿಎಂಡಬ್ಲ್ಯು ಅದನ್ನ ಮತ್ತೆ ಹೊಸದಾಗಿ ಕಟ್ಟಬೇಕಾಯಿತು.

ಆ ರೇಸ್ ನಡೆದಾಗ ಜರ್ಮನಿ ಆಗಲೇ ಯುದ್ಧದಲ್ಲಿತ್ತು. ಇದನ್ನ ಹಾರಿಸಿ ಬರೆಯಬಹುದಿತ್ತು, ಎಷ್ಟೋ ಕಾರಿನ ಬರಹಗಳು ಹಾರಿಸುತ್ತವೆ. ಆದರೆ ಕಮ್ ಅವರ ಸಂಸ್ಥೆ ಬೆಳೆದದ್ದು ನಾಜಿ ಆಡಳಿತದ ವರ್ಷಗಳಲ್ಲಿ, ಆ ಸರ್ಕಾರದ ಹಣದಿಂದ, ಮತ್ತು ಸೈನ್ಯಕ್ಕಾಗಿ ಎಂಜಿನ್ ಸಂಶೋಧನೆಯೂ ಅಲ್ಲಿ ನಡೆಯಿತು. ಹೆದ್ದಾರಿ ಕಟ್ಟಿಸಿದ್ದೂ ಅದೇ ಸರ್ಕಾರ. ಗಾಳಿಗೆ ಪಕ್ಷ ಇಲ್ಲ, ಆದರೆ ವಿಂಡ್ ಟನಲ್‌ಗೆ ಹಣ ಕೊಡುವವರಿಗೆ ಇರುತ್ತೆ. ಪ್ಲೇಸ್‌ಮೆಂಟಿಗೆ ಬರುವ ಕಂಪನಿ ಏನು ತಯಾರಿಸುತ್ತೆ ಅಂತ ಕೇಳದೆ ಪ್ಯಾಕೇಜ್ ಎಷ್ಟು ಅಂತ ಮಾತ್ರ ಕೇಳುವ ನಾವು ಇಲ್ಲಿ ಜಾಸ್ತಿ ಮಾತಾಡಲ್ಲ.

ಯುದ್ಧ ಮುಗಿದಾಗ ಕಮ್ ಅವರಿಗೆ 52. ಸೋತ ದೇಶದ ವಿಜ್ಞಾನಿಗಳನ್ನ ಅಮೆರಿಕ ತನ್ನ ಕಡೆ ಕರೆದುಕೊಂಡು ಹೋಗುತ್ತಿದ್ದ ಕಾಲ. ರಾಕೆಟ್‌ನವರ ಕಥೆ ಎಲ್ಲರಿಗೂ ಗೊತ್ತು, ಕಾರಿನ ಪ್ರೊಫೆಸರ್ ಕೂಡ ಅದೇ ಯೋಜನೆಯಲ್ಲಿ ಹೋದರು. ಮೊದಲು ಓಹಾಯೋದ ರೈಟ್ ಫೀಲ್ಡ್ ವಾಯುನೆಲೆ, ಆಮೇಲೆ ನ್ಯೂಜೆರ್ಸಿಯ ಹೊಬೋಕನ್‌ನಲ್ಲಿರುವ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ. ತಾವೇ ಕಟ್ಟಿದ ಸಂಸ್ಥೆ, ಟನಲ್, ಕೆ-ಕಾರುಗಳು ಎಲ್ಲ ಸಮುದ್ರದ ಆಚೆ. 1955ರಲ್ಲಿ ಜರ್ಮನಿಗೆ ಮರಳಿ ಫ್ರಾಂಕ್‌ಫರ್ಟ್‌ನ ಬಾಟೆಲ್ ಸಂಸ್ಥೆಯಲ್ಲಿ 1958ರವರೆಗೆ ಕೆಲಸ ಮಾಡಿದರು. 1966ರ ಅಕ್ಟೋಬರ್ 11ರಂದು ಸ್ಟುಟ್‌ಗಾರ್ಟ್‌ನಲ್ಲಿ ತೀರಿಕೊಂಡರು.

ಅವರ ಯೋಚನೆ ಅವರಿಗಿಂತ ನಿಧಾನವಾಗಿ ಊರು ಸುತ್ತಿತು. ಯುದ್ಧದ ನಂತರ, 1949ರಲ್ಲಿ ಅಮೆರಿಕದ ನ್ಯಾಶ್ ಏರ್‌ಫ್ಲೈಟ್, 1952ರಲ್ಲಿ ಜರ್ಮನಿಯ ಬೋರ್ಗ್‌ವಾರ್ಡ್ ಹಂಸಾ 2400 ಅದನ್ನ ಸ್ವಲ್ಪ ಮಟ್ಟಿಗೆ ತಗೊಂಡವು. ರೇಸಿನವರು ಎಚ್ಚೆತ್ತದ್ದು 1960ರ ದಶಕದಲ್ಲಿ. 1962ರ ಫೆರಾರಿ 250 ಜಿಟಿಒ ಹಿಂದೆ ಹೋಗಿ ನೋಡಿ, ಬಾಲ ಕತ್ತರಿಸಿದೆ. ಅಮೆರಿಕದಲ್ಲಿ ಪೀಟರ್ ಬ್ರಾಕ್ ಅನ್ನುವ ಯುವಕ ಹಳೆಯ ಜರ್ಮನ್ ಸಂಶೋಧನೆಗಳನ್ನ ಓದಿ ಶೆಲ್ಬಿ ಡೇಟೋನಾ ಕೂಪೆಗೆ ಅಂಥದೇ ಹಿಂಭಾಗ ಕೊಟ್ಟ. ಜೊತೆಯಲ್ಲಿದ್ದ ಕೆಲವರಿಗೆ ಅದು ಇಷ್ಟವಿರಲಿಲ್ಲ. 1964ರ ಲೆ ಮಾನ್ಸ್‌ನಲ್ಲಿ ಆ ಕಾರು ಜಿಟಿ ವಿಭಾಗ ಗೆದ್ದಿತು. ಕಮ್ ಆಗ ಬದುಕಿದ್ದರು. ಅವರು ತೀರಿಕೊಂಡ ಕೆಲವೇ ವರ್ಷಕ್ಕೆ ಅಮೆರಿಕದ ಷೆವರ್ಲೆ ತನ್ನ ವೇಗಾ ಕಾರಿನ ಒಂದು ಮಾದರಿಗೆ ಕಮ್‌ಬ್ಯಾಕ್ ಅಂತಲೇ ಹೆಸರಿಟ್ಟಿತು. ಅದು ಸಾಧಾರಣ ಸ್ಟೇಷನ್ ವ್ಯಾಗನ್, ಹೆಸರಿನಷ್ಟು ಕೆಲಸ ಅದರ ಬಾಲದಲ್ಲಿ ಇರಲಿಲ್ಲ. ನಿಜವಾಗಿ ಅವರ ಮಾತು ಕೇಳಿದ್ದು ಟೊಯೋಟಾ ಪ್ರಿಯಸ್, ಹೋಂಡಾ ಇನ್‌ಸೈಟ್ ಥರದ ಹೈಬ್ರಿಡ್‌ಗಳು. ಬೆಂಗಳೂರಿನ ರಸ್ತೆಯಲ್ಲಿ ಪ್ರಿಯಸ್ ಕಂಡರೆ ಚಾವಣಿ ನಿಧಾನವಾಗಿ ಇಳಿದು ಪಟ್ಟನೆ ನಿಲ್ಲುವ ಜಾಗ ನೋಡಿ. ಲಾರಿಗಳ ಹಿಂದೆ ಇಂಥದೇ ಇಳಿಜಾರಿನ ಮಡಚುವ ಹಲಗೆ ಹಾಕಿಕೊಳ್ಳೋಕೆ ಉದ್ದದ ಮಿತಿ ಅಡ್ಡ ಬರಬಾರದು ಅಂತ ಯುರೋಪ್ 2015ರಲ್ಲಿ ಕಾನೂನನ್ನೇ ಸಡಿಲಿಸಿತು. ನಮ್ಮ ಹೆದ್ದಾರಿಯ ಲಾರಿಗಳ ಹಿಂಭಾಗ ಇನ್ನೂ ಬಾಗಿಲು ಮುಚ್ಚಿದ ಗೋಡೌನ್ ಥರ.

ಕ್ಯೋನಿಗ್-ಫಾಕ್ಸೆನ್‌ಫೆಲ್ಡ್ ಕಥೆ ಏನಾಯ್ತು ಅಂದಿರಾ? ಅವರು 1992ರವರೆಗೆ ಬದುಕಿದ್ದರು. ಪ್ರಪಂಚವೆಲ್ಲ ಕಮ್ ಟೈಲ್ ಅನ್ನೋದನ್ನ ಕೇಳಿಸಿಕೊಂಡೇ.

ಹೋದ ಶನಿವಾರ ಹೊಸದುರ್ಗದ ಬಸ್ಸು ಹೊರಡೋಕೆ ಇನ್ನೂ ಐದು ನಿಮಿಷ ಇತ್ತು. ಹಿಂದಿನ ಗಾಜಿನ ತುಂಬ ಎಂದಿನಂತೆ ಧೂಳು. ಹಿರಿಯೂರಿನವನು ಎಡ ತುದಿಯಿಂದ ಬೆರಳು ಇಟ್ಟು ಆ ಹೆಸರನ್ನ ಪೂರ್ತಿ ಬರೆದ, ರೈನ್‌ಹಾರ್ಡ್‌ನಿಂದ ಫೆಲ್ಡ್‌ವರೆಗೆ. ಗಾಜು ಸರಿಹೋಯ್ತು, ಒಂದಕ್ಷರಕ್ಕೂ ಜಾಗ ಉಳಿಯಲಿಲ್ಲ. ಕಂಡಕ್ಟರ್ ಅಣ್ಣ ನೋಡಿ, ಇದ್ಯಾವ ಹುಡುಗೀನಪ್ಪ ಅಂತ ಕೇಳಿ ಸೀಟಿ ಊದಿದರು. ಬಸ್ಸು ಸ್ಟ್ಯಾಂಡ್ ದಾಟಿ ತಿರುಗೋವರೆಗೂ ಆ ಹೆಸರು ಕಾಣ್ತಿತ್ತು.